ಬೇಸಗೆಯ ರಜೆಯೂ ಬಂಡಿಯ ಕೀಲಿಕೈಯೂ

(ಬಾನುಲಿ ಭಾಷಣದ ಬರಹರೂಪ)

ಏಪ್ರಿಲ್ ತಿಂಗಳ ನಡುವಿನಲ್ಲಿ ಶಾಲೆಗಳು ಮುಚ್ಚಿದುವೆಂದರೆ ನಮ್ಮ ರಾಜಾಜಿನಗರದ ಅಡ್ಡರಸ್ತೆಗಳಿಗೆ ಬೇರೊಂದು ಕಳೆ ಬರುತ್ತದೆ. ಬೆಳಗಿನ ಹೊತ್ತು ಮಕ್ಕಳ ಕ್ರಿಕೆಟ್ಟು. ನಡುಮಧ್ಯಾಹ್ನ ಬಿಸಿಲಿಗೆ ಬರಿದಾದ ಬೀದಿ. ಸಂಜೆಯಾಗುತ್ತಲೇ ಎಲ್ಲೋ ಒಂದು ಮನೆಯ ಗೇಟು ತೆರೆದು, ಹದಿನಾರು ವರ್ಷದ ಬಾಲಕನೊಬ್ಬ ತಂದೆಯ ಸ್ಕೂಟರನ್ನು ಮೆಲ್ಲನೆ ಹೊರಕ್ಕೆ ತಳ್ಳುತ್ತಾನೆ. ತಾಯಿ ಬಾಗಿಲಲ್ಲಿ ನಿಂತು, 'ಈ ಬೀದಿಯ ಕೊನೆಯವರೆಗೆ ಮಾತ್ರ' ಎಂದು ಎಚ್ಚರಿಸುತ್ತಾಳೆ. ಆದರೆ ಆ ಬೀದಿಯ ಕೊನೆ ಒಂದೆಡೆ ನಿಲ್ಲುವಂಥದಲ್ಲ. ಮೊದಲ ವಾರ ಅದು ಮೂಲೆಯ ಅಂಗಡಿ. ಎರಡನೆಯ ವಾರ ನವರಂಗ್ ವೃತ್ತ. ಮೇ ತಿಂಗಳು ಮುಗಿಯುವ ಹೊತ್ತಿಗೆ ವಿಜಯನಗರವನ್ನೂ ದಾಟಿ ಕೆಂಗೇರಿಯ ಹೆದ್ದಾರಿ.

ಈ ವರ್ಷ ನನ್ನ ಮಗಳ ಮಗ ರಜೆಗೆಂದು ನಮ್ಮಲ್ಲಿಗೆ ಬಂದಿದ್ದಾನೆ. ಹದಿನೇಳು ತುಂಬಿದೆ. ಬಂದ ಮೂರನೆಯ ದಿನವೇ, 'ತಾತ, ಸ್ಕೂಟರಿನ ಕೀ ಎಲ್ಲಿದೆ?' ಎಂದು ಕೇಳಿದ. ಪ್ರಶ್ನೆ ಸಣ್ಣದು. ಆದರೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ತರಗತಿಯಲ್ಲಿ ಮಾತನಾಡಿ ಬದುಕಿದ ನನಗೆ ಅದಕ್ಕೆ ಒಡನೆ ಉತ್ತರ ಹೊಳೆಯಲಿಲ್ಲ. ಇದೇ ಪ್ರಶ್ನೆಗೆ ಹಿಂದೊಮ್ಮೆ ನಾನು ತಪ್ಪು ಉತ್ತರ ಕೊಟ್ಟವನು. ಆ ಸಂಗತಿಯನ್ನು ಮೊದಲು ಹೇಳಿಬಿಡುತ್ತೇನೆ. ಉಪದೇಶ ಮಾಡಹೊರಟವನು ತನ್ನ ಲೆಕ್ಕವನ್ನು ಮೊದಲು ಒಪ್ಪಿಸಬೇಕು.

ಅದು 2004ನೆಯ ಇಸವಿಯ ಏಪ್ರಿಲ್ ತಿಂಗಳ ಕೊನೆ. ಆಗ ನಾವು ಬಸವೇಶ್ವರನಗರದ ಒಂದು ಬಾಡಿಗೆ ಮನೆಯಲ್ಲಿದ್ದೆವು. ನಾನು ಪರೀಕ್ಷೆಯ ಉತ್ತರಪತ್ರಿಕೆಗಳ ನಡುವೆ ಕುಳಿತಿದ್ದೆ. ಆ ವರ್ಷದ ಮೊದಲ ಮಳೆ ಆಗತಾನೆ ಹನಿಯೊಡೆದು ನಿಂತಿತ್ತು. ಮನೆಗೆ ನೆಂಟರು ಬಂದರು, ಮೊಸರು ಮುಗಿದಿತ್ತು. ಮಗನಿಗೆ ಹದಿನಾರು ವರ್ಷ. 'ನಡೆದು ಹೋದರೆ ತಡವಾಗುತ್ತದೆ, ಐದು ನಿಮಿಷದ ಕೆಲಸ' ಎಂದು ಮೊಳೆಯಲ್ಲಿ ತೂಗುತ್ತಿದ್ದ ಕೀಲಿಕೈಯನ್ನು ತೆಗೆದು ಅವನ ಕೈಗಿತ್ತವನು ನಾನೇ. ಅವನು ಕೇಳಿರಲಿಲ್ಲ.

ತಿರುವಿನಲ್ಲಿ ಒಂದು ಹೊಂಗೆಯ ಮರ. ಅದರಡಿ ಉದುರಿದ ಹೂವೆಲ್ಲ ಮಳೆಗೆ ನೆನೆದು ಲೋಳೆಯಾಗಿತ್ತು. ಮೂಲೆಯಲ್ಲಿ ನಾಯಿಯೊಂದು ಅಡ್ಡ ಬಂತೆಂದು ಹುಡುಗ ಬ್ರೇಕನ್ನು ಗಟ್ಟಿಯಾಗಿ ಹಿಡಿದ. ಸ್ಕೂಟರು ಮಗ್ಗುಲಿಗೆ ಬಿದ್ದು ಜಾರಿಕೊಂಡು ಹೋಗಿ, ಬೀದಿಯಂಚಿನಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡು ಕುಳಿತಿದ್ದ ವೃದ್ಧೆಗೆ ಬಡಿಯಿತು. ಮಗನ ಮೊಣಕೈ ತರೆಯಿತು. ಆಕೆಯ ತೊಡೆಯ ಮೂಳೆ ಮುರಿಯಿತು. ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ಯುವಾಗ ಆ ತಾಯಿ ನರಳುತ್ತಲೇ, 'ಮಗುವಿಗೆ ಏನೂ ಆಗಲಿಲ್ಲ ತಾನೆ?' ಎಂದು ನನ್ನನ್ನು ಕೇಳಿದರು.

ಚಿಕಿತ್ಸೆಯ ವೆಚ್ಚವನ್ನು ನಾನು ಕೊಟ್ಟೆ. ಅವರು ದೂರು ಕೊಡಲಿಲ್ಲ. ಅದು ಅವರ ದೊಡ್ಡತನವೇ ಹೊರತು ನನ್ನ ನಿರಪರಾಧಕ್ಕೆ ಸಾಕ್ಷಿಯಲ್ಲ. ಆಮೇಲೆ ಅವರು ಕೋಲೂರಿಕೊಂಡು ನಡೆದಾಡಿದರು. ಆ ಮೂಲೆಗೆ ಮಾತ್ರ ಹೂವು ಮಾರಲು ಮತ್ತೆ ಬರಲಿಲ್ಲ. ಬಂಧುಗಳೆಲ್ಲ ಹುಡುಗನನ್ನು ಬೈದರು. ನಾನೂ ಬೈದೆ. ಕೀಲಿಕೈ ಕೊಟ್ಟವರು ಯಾರೆಂದು ಯಾರೂ ಕೇಳಲಿಲ್ಲ.

ಈ ಪ್ರಶ್ನೆಯನ್ನು ಕೇಳಬೇಕಾದುದು ಕಾನೂನು. ಅದು ಈಗ ಸ್ಪಷ್ಟವಾಗಿಯೇ ಕೇಳುತ್ತದೆ. 1988ರ ಮೋಟಾರು ವಾಹನಗಳ ಕಾಯಿದೆಯ ಪ್ರಕಾರ 18 ವರ್ಷ ತುಂಬದವರು ಸಾರ್ವಜನಿಕ ಸ್ಥಳದಲ್ಲಿ ಮೋಟಾರು ವಾಹನವನ್ನು ನಡೆಸುವಂತಿಲ್ಲ. 16 ತುಂಬಿದವರಿಗೆ ಒಂದೇ ಒಂದು ವಿನಾಯಿತಿ ಇದೆ: ಎಂಜಿನ್ನಿನ ಸಾಮರ್ಥ್ಯ 50 ಸಿ.ಸಿ. ಮೀರದ ದ್ವಿಚಕ್ರ ವಾಹನ, ಅದೂ ಪರವಾನಗಿ ಪಡೆದ ಮೇಲೆ. ಹಿಂದಿನ ಕಾಲದ ಮೊಪೆಡ್ಡುಗಳಿಗೆ ಈ ಮಾತು ಹೊಂದುತ್ತಿತ್ತು. ಇಂದು ಮನೆಮನೆಯ ಮುಂದೆ ನಿಂತಿರುವ ಪೆಟ್ರೋಲ್ ಸ್ಕೂಟರುಗಳಲ್ಲಿ ಹೆಚ್ಚಿನವು 100 ಸಿ.ಸಿ.ಗೂ ಮೇಲ್ಪಟ್ಟವು. 'ಗೇರ್ ಇಲ್ಲದ ಬಂಡಿ ತಾನೆ, ಮಕ್ಕಳು ಓಡಿಸಬಹುದು' ಎಂಬ ನಂಬಿಕೆ ನಮ್ಮ ಬಡಾವಣೆಗಳಲ್ಲಿ ಬಲವಾಗಿದೆ. ಅದು ನಂಬಿಕೆಯೇ ಹೊರತು ಕಾನೂನಲ್ಲ.

2019ರಲ್ಲಿ ಈ ಕಾಯಿದೆಗೆ ತಿದ್ದುಪಡಿಯಾಗಿ 199ಎ ಎಂಬ ಹೊಸ ಪ್ರಕರಣ ಸೇರಿತು. ಅಪ್ರಾಪ್ತ ವಯಸ್ಕನು ವಾಹನ ನಡೆಸಿ ಅಪರಾಧವೆಸಗಿದರೆ, ಅವನ ಪೋಷಕ ಅಥವಾ ವಾಹನದ ಒಡೆಯ ತಪ್ಪಿತಸ್ಥನೆಂದು ಅದು ಭಾವಿಸುತ್ತದೆ. ಶಿಕ್ಷೆ 3 ವರ್ಷದವರೆಗೆ ಸೆರೆವಾಸ, ಜೊತೆಗೆ 25,000 ರೂಪಾಯಿ ದಂಡ. ವಾಹನದ ನೋಂದಣಿ 12 ತಿಂಗಳ ಕಾಲ ರದ್ದಾಗುತ್ತದೆ. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಕಲಿಕೆಯ ಪರವಾನಗಿಯೂ ದೊರೆಯದು. ತನಗೆ ತಿಳಿಯದೆ ನಡೆಯಿತು, ಇಲ್ಲವೆ ತಡೆಯಲು ತಕ್ಕ ಎಚ್ಚರ ವಹಿಸಿದ್ದೆ ಎಂದು ತೋರಿಸಿಕೊಡುವ ಹೊಣೆ ಹಿರಿಯನದೇ. ಇದು ಕಠೋರವೆಂದು ಕೆಲವರಿಗೆ ತೋರಬಹುದು. ನನಗಂತೂ ಹಾಗೆ ತೋರಲಿಲ್ಲ. 2004ರಲ್ಲಿ ನಮ್ಮ ಮನೆಯಲ್ಲಿ ಯಾರೂ ಹೇಳದ ಮಾತನ್ನು ಕಾಯಿದೆಯ ಪುಸ್ತಕ ಹದಿನೈದು ವರ್ಷ ತಡವಾಗಿ ಹೇಳಿತು, ಅಷ್ಟೆ.

ಹದಿನೆಂಟರ ಗೆರೆಯನ್ನು ಏತಕ್ಕೆ ಎಳೆದರು? ಹದಿನಾರರ ಹುಡುಗನ ಕೈಕಾಲು ನನ್ನದಕ್ಕಿಂತ ಚುರುಕು. ಕಣ್ಣು ನನ್ನದಕ್ಕಿಂತ ಸೂಕ್ಷ್ಮ. ಬಂಡಿಯನ್ನು ನಡೆಸುವ ಕೈಚಳಕ ಅವನಿಗೆ ನಾಲ್ಕು ದಿನದಲ್ಲಿ ಬರುತ್ತದೆ. ಬಾರದಿರುವುದು ಅಪಾಯವನ್ನು ಮೊದಲೇ ಊಹಿಸುವ, ಆಸೆಗೆ ಕಡಿವಾಣ ಹಾಕುವ ವಿವೇಕ. ಮಿದುಳಿನಲ್ಲಿ ಈ ಕೆಲಸ ಮಾಡುವ ಮುಂಭಾಗ ಇಪ್ಪತ್ತರ ನಡುವಯಸ್ಸಿನವರೆಗೂ ಬೆಳೆಯುತ್ತಲೇ ಇರುತ್ತದೆಂದು ವೈದ್ಯವಿಜ್ಞಾನ ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ವರದಿಯಂತೆ 5ರಿಂದ 29 ವರ್ಷ ವಯಸ್ಸಿನವರ ಸಾವಿಗೆ ಕಾರಣವಾಗುವುದರಲ್ಲಿ ರಸ್ತೆ ಅಪಘಾತಕ್ಕೇ ಮೊದಲ ಸ್ಥಾನ. ನಮ್ಮ ದೇಶದಲ್ಲಿ 2022ನೆಯ ಒಂದೇ ವರ್ಷದಲ್ಲಿ ರಸ್ತೆಗಳ ಮೇಲೆ ಸತ್ತವರು 1,68,491 ಮಂದಿ. ಅವರಲ್ಲಿ ನೂರಕ್ಕೆ 44ರಷ್ಟು ಜನ ದ್ವಿಚಕ್ರ ವಾಹನಗಳ ಮೇಲಿದ್ದವರು.

ವೇಗದ ವಿಷಯವನ್ನು ಒಂದು ಸಣ್ಣ ಲೆಕ್ಕದಿಂದ ವಿವರಿಸುತ್ತೇನೆ. ನಾನು ಕನ್ನಡದ ಮೇಷ್ಟ್ರು. ಆದರೂ ಈ ಲೆಕ್ಕವನ್ನು ಮೊಮ್ಮಗನೊಡನೆ ಕುಳಿತು ಮಾಡಿದ್ದೇನೆ. ಅಡ್ಡ ಬಂದುದನ್ನು ಕಣ್ಣು ಕಂಡು, ಕೈ ಬ್ರೇಕನ್ನು ಹಿಡಿಯುವಷ್ಟರಲ್ಲಿ ಸುಮಾರು ಒಂದು ಸೆಕೆಂಡು ಕಳೆಯುತ್ತದೆ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಆ ಒಂದು ಸೆಕೆಂಡಿಗೆ ಬಂಡಿ 8 ಮೀಟರಿನಷ್ಟು ಮುಂದೆ ಹೋಗಿರುತ್ತದೆ. ಬ್ರೇಕು ಹಿಡಿದ ಮೇಲೆ, ಒಣ ರಸ್ತೆಯಾದರೆ, ಮತ್ತೆ 5 ಮೀಟರು. ಒಟ್ಟು 13. ವೇಗವನ್ನು 60ಕ್ಕೆ ಏರಿಸಿದರೆ ಮೊದಲ ಅಂಕ ಎರಡರಷ್ಟಾಗುತ್ತದೆ, 17 ಮೀಟರು. ಎರಡನೆಯದು ಎರಡರಷ್ಟಲ್ಲ, ನಾಲ್ಕರಷ್ಟು, 20 ಮೀಟರು. ಒಟ್ಟು 37. ನಮ್ಮ ಬಡಾವಣೆಯ 30–40 ಅಡಿ ನಿವೇಶನದ ಮುಂಭಾಗ 30 ಅಡಿ, ಎಂದರೆ 9 ಮೀಟರು. ಮೂವತ್ತರ ವೇಗದವನು ಒಂದೂವರೆ ಮನೆ ದಾಟುವುದರಲ್ಲಿ ನಿಲ್ಲುತ್ತಾನೆ. ಅರವತ್ತರ ವೇಗದವನು ನಾಲ್ಕು ಮನೆ ದಾಟುತ್ತಾನೆ. ಆ ನಾಲ್ಕು ಮನೆಗಳ ಯಾವ ಗೇಟಿನಿಂದಲಾದರೂ ಚೆಂಡಿನ ಹಿಂದೆ ಒಂದು ಮಗು ಓಡಿಬರಬಹುದು. ರಜೆಯಲ್ಲವೆ?

ಇನ್ನು ಬೇಸಗೆಗೇ ಮೀಸಲಾದ ತೊಡಕುಗಳು. ನಮ್ಮ ಊರು ತಂಪಿಗೆ ಹೆಸರಾದುದು. ಆದರೂ 2016ರ ಏಪ್ರಿಲ್ 24ರಂದು ಇಲ್ಲಿ ಉಷ್ಣತೆ 39.2 ಡಿಗ್ರಿಗೆ ಏರಿದ್ದಿತು; 2024ರ ಏಪ್ರಿಲ್ 28ರಂದು 38.5 ಡಿಗ್ರಿಗೆ. ಕಾರಿನ ಚಕ್ರದೊಳಗಿನ ಗಾಳಿಯ ಒತ್ತಡ ಪ್ರತಿ 10 ಡಿಗ್ರಿ ಬಿಸಿಗೆ ಸುಮಾರು 2 ಪೌಂಡು ಏರುತ್ತದೆ. ಇದನ್ನು ಕೇಳಿ ಕೆಲವರು, ಬೇಸಗೆಯಲ್ಲಿ ಗಾಳಿ ಕಡಮೆ ತುಂಬಿಸಬೇಕೆಂದು ಹೇಳುವುದುಂಟು. ಅದು ತಪ್ಪು. ಗಾಳಿ ಕಡಮೆಯಾದ ಚಕ್ರ ಉರುಳುವಾಗ ಅದರ ಪಕ್ಕಗಳು ಮತ್ತೆಮತ್ತೆ ಮಡಿಚಿ ಬಿಚ್ಚುತ್ತವೆ. ಆ ಮಡಿಕೆಯಲ್ಲಿಯೇ ಶಾಖ ಹುಟ್ಟಿ ಹೆದ್ದಾರಿಯ ವೇಗದಲ್ಲಿ ಟೈರು ಒಡೆಯುತ್ತದೆ. ಬೆಳಗ್ಗೆ ಬಂಡಿ ತಣ್ಣಗಿರುವಾಗ, ತಯಾರಕರು ಹೇಳಿದಷ್ಟೇ ಗಾಳಿ ತುಂಬಿಸುವುದು ಸರಿಯಾದ ಕ್ರಮ. ಬಿಸಿಲಿನ ಕಾರಣಕ್ಕೆ ತಲೆಯ ಹೆಲ್ಮೆಟ್ಟನ್ನು ಕೈಗೆ ತೂಗುಹಾಕಿಕೊಳ್ಳುವುದು ಇನ್ನೊಂದು ಅಭ್ಯಾಸ. ಹೆಲ್ಮೆಟ್ಟಿನೊಳಗೆ ಸೆಕೆ ಎಂಬುದು ನಿಜ. ಬೆವರು ಒರಸಿಕೊಂಡರೆ ಹೋಗುತ್ತದೆ. ಕರ್ನಾಟಕದಲ್ಲಿ 2016ರಿಂದ ಹಿಂದೆ ಕುಳಿತವರಿಗೂ ಹೆಲ್ಮೆಟ್ಟು ಕಡ್ಡಾಯ. ಬೀಳುವಾಗ ಹಿಂದಿನವರ ತಲೆಗೆ ಬೇರೆ ನ್ಯಾಯವಿಲ್ಲ.

ಬಿಸಿಲಿಗಿಂತ ಹೆಚ್ಚು ವಂಚಿಸುವುದು ಬೇಸಗೆಯ ಮಳೆ. ತಿಂಗಳುಗಟ್ಟಲೆ ರಸ್ತೆಯ ಮೇಲೆ ದೂಳು, ಎಂಜಿನ್ನಿನ ಎಣ್ಣೆ, ಸವೆದ ಟೈರಿನ ಪುಡಿ ಕೂಡಿಕೊಂಡಿರುತ್ತವೆ. ಮೊದಲ ಹನಿಗಳು ಇವನ್ನು ತೊಳೆಯುವುದಿಲ್ಲ, ಕಲಸುತ್ತವೆ. ಆದುದರಿಂದ ಜಡಿಮಳೆಗಿಂತ ಅದರ ಮೊದಲ ಹತ್ತು ಹದಿನೈದು ನಿಮಿಷಗಳೇ ಹೆಚ್ಚು ಜಾರಿಕೆ. ಮೊದಲು ಹೇಳಿದ 20 ಮೀಟರು ಒದ್ದೆಯ ರಸ್ತೆಯಲ್ಲಿ 35 ಆಗಬಹುದು. ನಾಲ್ಕು ಮನೆಗಳ ಬದಲು ಆರು ಮನೆ. ಇದರ ಮೇಲೆ ನಮ್ಮ ಸಾಲುಮರಗಳ ಹೂವು. ರಾಜಾಜಿನಗರದಲ್ಲಿಯೂ ವಿಜಯನಗರದಲ್ಲಿಯೂ ಬೇಸಗೆಯ ಹೂಹಾಸನ್ನು ಕಂಡು ಸಂತೋಷಪಡದವರಿಲ್ಲ. ಕಾಲ್ನಡಿಗೆಯವನಿಗೆ ಅದು ಕಾವ್ಯ, ಎರಡು ಚಕ್ರದವನಿಗೆ ಪಾಚಿ. ಹೂವಿನ ಮೇಲೆ ಬ್ರೇಕು ಹಿಡಿಯಬಾರದು, ಬಂಡಿಯನ್ನು ಓರೆಮಾಡಬಾರದು. ತಿರುವಿಗೆ ಮುಂಚೆಯೇ ವೇಗ ತಗ್ಗಿಸಿ ನೆಟ್ಟಗೆ ದಾಟಬೇಕು. ನನ್ನ ಮಗನಿಗೆ ಇದನ್ನು ನಾನು ಹೇಳಿರಲಿಲ್ಲ. ನನಗೇ ತಿಳಿದಿರಲಿಲ್ಲ.

ಗುಡುಗು ಗಾಳಿಗಳು ಎದ್ದಾಗ ಮರದಡಿ ಬಂಡಿ ನಿಲ್ಲಿಸಿ ಕಾಯುವುದೂ ತರವಲ್ಲ. ಕೊಂಬೆಗಳು ಮುರಿದು ಬೀಳುವ ಕಾಲವೇ ಅದು. ಅಂಗಡಿಯ ಜಗಲಿ ಮೇಲು. ಹಾಗೆಯೇ ನೀರು ತುಂಬಿದ ಕೆಳಸೇತುವೆಗೆ ಇಳಿಯಬಾರದು. 2023ರ ಮೇ 21ರ ಮಧ್ಯಾಹ್ನ ಒಂದು ಬಿರುಸಾದ ಮಳೆಯಲ್ಲಿ ಕೆ. ಆರ್. ವೃತ್ತದ ಕೆಳಸೇತುವೆಯಲ್ಲಿ ಕಾರೊಂದು ಮುಳುಗಿ ಯುವತಿಯೊಬ್ಬಳು ಪ್ರಾಣ ಕಳೆದುಕೊಂಡಳು. ನಗರದ ಹೃದಯಭಾಗದಲ್ಲಿ, ವಿಧಾನಸೌಧದ ಸಮೀಪದಲ್ಲಿ ನಡೆದುದಿದು. ಮೇಲಿನಿಂದ ನೋಡುವವನಿಗೆ ನೀರಿನ ಆಳ ತಿಳಿಯದು. ಒಳಗೆ ಸಿಕ್ಕಿದ ಮೇಲೆ ಹೊರಗಿನ ನೀರಿನ ಒತ್ತಡಕ್ಕೆ ಕಾರಿನ ಬಾಗಿಲು ತೆರೆಯದು. ನಮ್ಮ ಕಡೆಯ ಕಾರ್ಡ್ ರಸ್ತೆಯಲ್ಲಿಯೂ ಕೆಳಸೇತುವೆಗಳಿವೆ. ಹಿಂದಿನವನು ಎಷ್ಟೇ ಹಾರನ್ನು ಬಾರಿಸಲಿ, ನಿಲ್ಲುವವನು ಹೇಡಿಯಲ್ಲ.

ಕೆಂಗೇರಿಯ ಆಚೆಯ ಮಾತು ಬೇರೆ. ಮೈಸೂರಿನ ಹೊಸ ಹೆದ್ದಾರಿ 2023ರ ಮಾರ್ಚಿಯಲ್ಲಿ ಉದ್ಘಾಟನೆಯಾಯಿತು. ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯಪಥದಲ್ಲಿ ದ್ವಿಚಕ್ರ, ತ್ರಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಅವಕ್ಕೆ ಪಕ್ಕದ ಸೇವಾರಸ್ತೆ ಇದೆ. ನೈಸ್ ರಸ್ತೆಯಲ್ಲಿ ರಾತ್ರಿ 10ರಿಂದ ಬೆಳಗಿನ 5ರವರೆಗೆ ದ್ವಿಚಕ್ರ ವಾಹನಗಳು ಹೋಗಬಾರದೆಂದು 2022ರಲ್ಲಿ ಪೊಲೀಸರು ಆಜ್ಞೆ ಮಾಡಿದರು. ಬೆಳಗಿನ ಜಾವ ನಂಟು-ಗೆಳೆಯರು ಕೂಡಿ ಹೊರಡುವ ರಜೆಯ ಸವಾರಿಗಳಿಗೆ ಇವೆರಡೂ ಅಡ್ಡಿಯೆಂದು ಹುಡುಗರು ಗೊಣಗುತ್ತಾರೆ. ಖಾಲಿ ರಸ್ತೆ ಸುರಕ್ಷಿತವೆಂಬ ಭ್ರಮೆಯೇ ಆ ಗೊಣಗಾಟದ ಬೇರು. ಜನದಟ್ಟಣೆಯ ಮಾಗಡಿ ರಸ್ತೆಯಲ್ಲಿ ವೇಗಕ್ಕೆ ಎಡೆಯಿಲ್ಲ. ಖಾಲಿ ಹೆದ್ದಾರಿಯಲ್ಲಿ ವೇಗವನ್ನು ತಡೆಯುವವರಿಲ್ಲ.

ಇಷ್ಟೆಲ್ಲ ಕೇಳಿದ ತಂದೆತಾಯಿಗಳು, ಹಾಗಾದರೆ ಮಕ್ಕಳಿಗೆ ಕಲಿಸುವುದೇ ಬೇಡವೆ ಎಂದು ಕೇಳಬಹುದು. ಕಲಿಸಬೇಕು, ಕ್ರಮವಾಗಿ ಕಲಿಸಬೇಕು. ಹದಿನೆಂಟು ತುಂಬಿದ ಮೇಲೆ ಕಲಿಕೆಯ ಪರವಾನಗಿ. ಅದರ ಆಯುಸ್ಸು 6 ತಿಂಗಳು. ಕನಿಷ್ಠ 30 ದಿನ ಕಳೆದ ಮೇಲೆ ಪರೀಕ್ಷೆ. ಅಲ್ಲಿಯವರೆಗೆ ಕಾರಿನಲ್ಲಿ ಪಕ್ಕದಲ್ಲಿ ಪರವಾನಗಿಯುಳ್ಳ ಹಿರಿಯರು, ಮುಂದೆ ಹಿಂದೆ ಬಿಳಿಯ ಹಲಗೆಯ ಮೇಲೆ ಕೆಂಪು 'ಎಲ್' ಅಕ್ಷರ. ಪರೀಕ್ಷೆಯಲ್ಲಿ ಎಂಟರ ಆಕಾರದಲ್ಲಿ ಬಂಡಿ ಸುತ್ತಿ ತೇರ್ಗಡೆಯಾದವನು ಚಾಲಕನಾದನೆಂದು ನಾವು ತಿಳಿಯುತ್ತೇವೆ. ಎಂ.ಎ. ಪದವಿ ಬಂದೊಡನೆ ಪಂಪನನ್ನು ಅರಗಿಸಿಕೊಂಡೆನೆಂದು ಒಂದು ಕಾಲದಲ್ಲಿ ನಾನೂ ತಿಳಿದಿದ್ದೆ.

ನ್ಯೂಜಿಲೆಂಡ್ ದೇಶದವರು 1987ರಲ್ಲಿ ಒಂದು ಉಪಾಯ ಮಾಡಿದರು. ಹೊಸ ಚಾಲಕರಿಗೆ ಪೂರ್ಣ ಪರವಾನಗಿಯನ್ನು ಒಮ್ಮೆಗೇ ಕೊಡದೆ ಹಂತಹಂತವಾಗಿ ಕೊಡತೊಡಗಿದರು. ನಡುವಣ ಹಂತದಲ್ಲಿ ಅವರು ರಾತ್ರಿ ಹೊತ್ತು ಒಬ್ಬರೇ ನಡೆಸುವಂತಿಲ್ಲ. ಅನುಭವಸ್ಥರು ಜೊತೆಗಿಲ್ಲದೆ ಗೆಳೆಯರನ್ನು ಕೂರಿಸಿಕೊಳ್ಳುವಂತಿಲ್ಲ. ಕತ್ತಲೆ ಮತ್ತು ಗೆಳೆಯರ ಹುರುಪು, ಎಳೆಯ ಚಾಲಕರ ಅಪಘಾತಗಳನ್ನು ಹೆಚ್ಚಿಸುವ ಎರಡು ಕಾರಣಗಳು ಇವೆಂದು ಅವರು ಕಂಡುಕೊಂಡಿದ್ದರು. ಆ ಬಗೆಯ ಕಾನೂನು ನಮ್ಮಲ್ಲಿಲ್ಲ. ಆದರೆ ಮನೆಯ ಕಾನೂನು ಮಾಡಲು ಯಾವ ಶಾಸನಸಭೆಯೂ ಬೇಡ. ಪರವಾನಗಿ ಬಂದ ಮೊದಲ ಆರು ತಿಂಗಳು ಹಗಲು ಮಾತ್ರ, ಗೆಳೆಯರಿಲ್ಲದೆ, ಪರಿಚಿತ ಬೀದಿಗಳಲ್ಲಿ, ಮಳೆ ಬಂದರೆ ಪಕ್ಕದಲ್ಲಿ ಹಿರಿಯರಿದ್ದಾಗ ಮಾತ್ರ. ಒಂದು ಮಾತು ಇದಕ್ಕಿಂತಲೂ ಮುಖ್ಯ: 'ತಡವಾಗಿದ್ದರೆ, ಆಯಾಸವಾಗಿದ್ದರೆ, ಜೊತೆಯವರು ಕುಡಿದಿದ್ದರೆ, ಎಷ್ಟು ಹೊತ್ತಾದರೂ ಫೋನು ಮಾಡು, ಬಂದು ಕರೆದುಕೊಂಡು ಹೋಗುತ್ತೇನೆ, ಅಂದು ಬೈಯುವುದಿಲ್ಲ.' ಬೈಗುಳದ ಭಯಕ್ಕೆ ವೇಗ ಹೆಚ್ಚಿಸಿದ ಮಕ್ಕಳೆಷ್ಟೋ.

ಪಕ್ಕದಲ್ಲಿ ಕುಳಿತು ಕಲಿಸುವ ರೀತಿಯನ್ನು ನಮ್ಮ ಮಹಾಭಾರತದಿಂದಲೇ ತಿಳಿಯಬಹುದು. ಕರ್ಣನ ಸಾರಥಿ ಶಲ್ಯ ರಥವಿದ್ಯೆಯಲ್ಲಿ ಯಾರಿಗೂ ಕಡಮೆಯಲ್ಲ. ಆದರೆ ಹೆಜ್ಜೆಹೆಜ್ಜೆಗೂ ಹಳಿದು ಹಂಗಿಸಿ, ರಥಿಕನ ಧೈರ್ಯವನ್ನೇ ಕುಂದಿಸಿದ. ಕಲಿಯುವ ಮಗನ ಪಕ್ಕದಲ್ಲಿ ಕುಳಿತು 'ಅಯ್ಯೋ, ಗುದ್ದಿದೆ! ನಿನ್ನ ಕೈಲಿ ಆಗದು' ಎಂದು ಕೂಗುವ ತಂದೆಯರು ಶಲ್ಯನ ವಂಶದವರು. ವಿರಾಟನ ಮಗ ಉತ್ತರನ ಕಥೆ ಇನ್ನೊಂದು ಬಗೆಯದು. ಅಂತಃಪುರದ ಹೆಣ್ಣುಮಕ್ಕಳ ಮುಂದೆ ಜಂಬ ಕೊಚ್ಚಿ, ಕೌರವಸೇನೆಯನ್ನು ಕಂಡೊಡನೆ ರಥದಿಂದ ಧುಮುಕಿ ಓಡಿದವನು ಅವನು. 'ಉತ್ತರನ ಪೌರುಷ ಒಲೆಯ ಮುಂದೆ' ಎಂದು ಗಾದೆಯೇ ಹುಟ್ಟಿತು. ನಾವು ನಕ್ಕು ಅಲ್ಲಿಗೇ ಬಿಡುತ್ತೇವೆ. ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಬೃಹನ್ನಳೆಯ ವೇಷದ ಅರ್ಜುನ ಅವನನ್ನು ಹಿಡಿದು ತಂದು, ಧೈರ್ಯ ಹೇಳಿ, ತಾನು ಬಿಲ್ಲು ಹಿಡಿದು, ವಾಘೆಯನ್ನು ಅವನ ಕೈಗಿತ್ತ. ಅದೇ ಹುಡುಗ ಅದೇ ರಣದಲ್ಲಿ ಸಾರಥಿಯಾದ. ಜಂಬದ ವಯಸ್ಸು ಎಲ್ಲರಿಗೂ ಬರುತ್ತದೆ. ಪಕ್ಕದಲ್ಲಿ ಯಾರಿದ್ದರೆಂಬುದರ ಮೇಲೆ ಮುಂದಿನದು ನಿಂತಿದೆ.

ಪಕ್ಕದಲ್ಲಿರುವವರು ತುಟಿಯಿಂದ ಕಲಿಸುವುದಕ್ಕಿಂತ ನಡತೆಯಿಂದ ಕಲಿಸುವುದೇ ಹೆಚ್ಚು. ಬಾಷ್ಯಂ ವೃತ್ತದಲ್ಲಿ ಕೆಂಪು ದೀಪವನ್ನು ಲೆಕ್ಕಿಸದೆ ನುಗ್ಗುವ, ಎಡಗೈಯಲ್ಲಿ ಫೋನು ಹಿಡಿದು ಬಲಗೈಯಲ್ಲಿ ಬಂಡಿ ನಡೆಸುವ ತಂದೆಯ ಹಿಂದೆ ಹತ್ತು ವರ್ಷ ಕುಳಿತು ಬಂದ ಮಗುವಿಗೆ ಹದಿನೆಂಟರಲ್ಲಿ ಹೊಸದಾಗಿ ಕಲಿಯಲು ಏನೂ ಉಳಿದಿರುವುದಿಲ್ಲ. ಪಾಠ ಆಗಲೇ ಮುಗಿದಿರುತ್ತದೆ.

2024ರ ಮೇ 19ರಂದು, ಅದೂ ಬೇಸಗೆಯ ರಜೆಯಲ್ಲೇ, ಪುಣೆಯಲ್ಲಿ ವೇಗದ ಕಾರೊಂದು ಬಡಿದು ಇಬ್ಬರು ತರುಣ ಎಂಜಿನಿಯರುಗಳು ಸತ್ತರು. ಕಾರು ನಡೆಸುತ್ತಿದ್ದವನು 17 ವರ್ಷದ ಹುಡುಗನೆಂದು ಪೊಲೀಸರು ಹೇಳಿದರು. ಬಾಲನ್ಯಾಯ ಮಂಡಲಿ ಅವನಿಗೆ ಜಾಮೀನು ಕೊಡುವಾಗ, ರಸ್ತೆ ಅಪಘಾತದ ಬಗೆಗೆ 300 ಪದಗಳ ಪ್ರಬಂಧ ಬರೆಯಬೇಕೆಂಬುದನ್ನೂ ಷರತ್ತುಗಳಲ್ಲಿ ಸೇರಿಸಿತು. ದೇಶವೆಲ್ಲ ಕೋಪಗೊಂಡಿತು. ಆ ಪ್ರಕರಣದ ನ್ಯಾಯಾನ್ಯಾಯ ಇಲ್ಲಿಯ ವಿಷಯವಲ್ಲ. ಸಾವಿರಾರು ಪ್ರಬಂಧಗಳನ್ನು ತಿದ್ದಿದ ನನಗೆ ತೋರಿದುದು ಇಷ್ಟೆ: ಆ ಪ್ರಬಂಧವನ್ನು ಅಪಘಾತಕ್ಕೆ ಮೊದಲು ಬರೆಯಬೇಕಿತ್ತು; ಬರೆಯಬೇಕಾದವರು ಮನೆಯ ಹಿರಿಯರು.

ಮೊಮ್ಮಗನ ಪ್ರಶ್ನೆಗೆ ಕೊನೆಗೆ ಉತ್ತರ ಕೊಟ್ಟೆ. ಹೂವಿನ ಬುಟ್ಟಿಯ ಆ ತಾಯಿಯ ಕಥೆಯನ್ನು ಮುಚ್ಚುಮರೆಯಿಲ್ಲದೆ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, 'ಮಾವ ಇದನ್ನು ಎಂದೂ ಹೇಳಲಿಲ್ಲ' ಎಂದ. 'ಅವನು ಹೇಳಬೇಕಾದ ಕಥೆಯಲ್ಲ, ನಾನು ಹೇಳಬೇಕಾದುದು' ಎಂದೆ. ಮರುದಿನ ನಾವಿಬ್ಬರೂ ಮೆಟ್ರೋದಲ್ಲಿ ಕೆಂಗೇರಿಗೆ ಹೋಗಿಬಂದೆವು. 2021ರ ಆಗಸ್ಟಿನಿಂದ ಆ ರೈಲು ಅಲ್ಲಿಯವರೆಗೂ ಹೋಗುತ್ತದೆ; ಹದಿನೇಳರ ಹುಡುಗನಿಗೂ ಅರವತ್ತು ದಾಟಿದ ಮುದುಕನಿಗೂ ಅಲ್ಲಿ ಪರವಾನಗಿ ಬೇಡ. ದಾರಿಯಲ್ಲಿ ಕಿಟಕಿಯಿಂದ ಕೆಳಗಿನ ಮೈಸೂರು ರಸ್ತೆಯನ್ನು ತೋರಿಸುತ್ತ, ಯಾವ ಬಂಡಿಯವನು ಮುಂದೆ ಏನು ಮಾಡುವನೆಂದು ಊಹಿಸುವ ಆಟ ಆಡಿದೆವು. ಅವನೇ ಹೆಚ್ಚು ಸಲ ಗೆದ್ದ. ಆ ಕಣ್ಣು ಅವನಿಗೆ ಮುಂದೆ ಒದಗುತ್ತದೆ.

ಕೀಲಿಕೈ ಮೊಳೆಯಲ್ಲೇ ತೂಗುತ್ತಿದೆ. ಮುಂದಿನ ವರ್ಷ ಅವನಿಗೆ ಹದಿನೆಂಟು ತುಂಬುತ್ತದೆ. ಕಲಿಕೆಯ ಪರವಾನಗಿಯನ್ನು ಕೈಯಲ್ಲಿ ಹಿಡಿದು ಬಂದ ದಿನ, ಅದನ್ನು ನಾನೇ ತೆಗೆದು ಕೊಡುತ್ತೇನೆ.